ಹದಿನಾಲ್ಕು ಮಿಲಿಮೀಟರ್

ಜೆಲ್ ಬಾಟಲಿಯನ್ನು ಹೀಟರಿನ ಮೇಲಿಟ್ಟಿದ್ದೆ.
ಆದರೂ ಚೊಯ್‌ಜಿಲ್ ಅಜ್ಜ ಬೆಚ್ಚಿದರು, ನಕ್ಕರು:
"ಮರಿಕುದುರೆಯ ಮೂಗು ತಾಗಿದ ಹಾಗಿದೆ."

ಎಡಕ್ಕೆ ಹೊರಳಿ. ಉಸಿರು ಎಳೆದುಕೊಳ್ಳಿ. ಹಿಡಿಯಿರಿ.
ಪಕ್ಕೆಲುಬಿನ ಸಂದಿನಲ್ಲಿ ಸದ್ದು ಇಳಿಸುತ್ತೇನೆ,
ನನಗೂ ಅವರಿಗೂ ಕೇಳದ ಸದ್ದು.
ಒಳಹೊಕ್ಕು ಮುಟ್ಟಿ ಬಂದು
ಬೂದಿಬಣ್ಣದಲ್ಲಿ ವರದಿ ಒಪ್ಪಿಸುತ್ತದೆ.

ಅವರಿಗೆ ಈಲಿ ಹೊಸದಲ್ಲ.
ಐವತ್ತು ವರ್ಷ ಕುರಿ ಕೊಯ್ದವರು,
ಎದೆಗೂಡಿನ ಕೆಳಗೆ ನಾಲ್ಕು ಬೆರಳಗಲ ಸೀಳಿ
ಕೈ ತೂರಿಸಿ, ಆ ಕತ್ತಲಲ್ಲೇ
ಯಾವುದು ಏನೆಂದು ಬಲ್ಲವರು.
"ಒಳ್ಳೆಯ ಈಲಿ ಹೊಳೆಕಲ್ಲಿನ ಹಾಗೆ ಜಾರಬೇಕು.
ನನ್ನದು ಹೇಗಿದೆ?"

ಹೇಗೆ ಹೇಳಲಿ ಅಜ್ಜ,
ನಿಮ್ಮದು ಕಲ್ಲಲ್ಲ, ಕಲ್ಲು ತುಂಬಿದ ದಂಡೆ.
ಯಾವ ಕಾಲದ ಯಾವ ಸೂಜಿಯಿಂದಲೋ ಬಂದ ವೈರಾಣು
ನಲವತ್ತು ಚಳಿಗಾಲ ಅಲ್ಲೇ ಬೀಡುಬಿಟ್ಟಿದೆ.
ಗಾಯವಾಗಿ, ಮಾಯ್ದು, ಮತ್ತೆ ಗಾಯವಾಗಿ
ಕೊನೆಗೆ ಕಲೆಯೇ ಅಂಗವಾಗಿದೆ.
ಸಿರೋಸಿಸ್ ಎಂದು ಬರೆದು ನಾಲ್ಕು ವರ್ಷವಾಯಿತು.
ಗಂಟುಗಳ ಭಯವಿಲ್ಲ ನನಗೆ,
ಗಂಟುಗಳ ನಡುವೆ ಗಂಟಿನ ವೇಷ ಹಾಕಿ
ಕೂತಿರಬಹುದಾದ ಇನ್ನೊಂದರ ಭಯ.

ಬೇರೆಯವರ ಕುರಿ ನಿಮ್ಮ ಮಂದೆ ಸೇರಿದರೆ
ನೀವು ಎಣಿಸುವುದಿಲ್ಲ, ಸುಮ್ಮನೆ ನೋಡುತ್ತೀರಿ,
ಒಂದರ ನಡಿಗೆ ಕಣ್ಣಿಗೆ ಚುಚ್ಚುತ್ತದೆ.
ನನ್ನ ಮಂದೆ ನಡೆಯುವುದೇ ಇಲ್ಲ.
ಕೊಬ್ಬು ಅಡ್ಡ ಬರುತ್ತದೆ, ಕರುಳಿನ ಗಾಳಿ ಅಡ್ಡ ಬರುತ್ತದೆ.

ಆರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದೆ.
ತಿಂಗಳು ಎಣಿಸುವವರಲ್ಲ ಅವರು:
ವಸಂತದ ಬೀಡು ಕಿತ್ತಾಗ ಒಮ್ಮೆ,
ಚಳಿಗಾಲದ ಬೀಡು ಹೂಡುವ ಮುಂಚೆ ಒಮ್ಮೆ,
ಅರ್ವೈಖೇರಿನ ನಮ್ಮ ಆಸ್ಪತ್ರೆಗೆ,
ಚೀಲದಲ್ಲಿ ಒಣಮೊಸರಿನ ಗಟ್ಟಿ ಕಟ್ಟಿಕೊಂಡು.
ಈ ವಸಂತ ಬರಲಿಲ್ಲ.
ಹಿಮ ಹೆಪ್ಪುಗಟ್ಟಿ ಮೇವು ಮುಚ್ಚಿತ್ತು,
ಸತ್ತ ಕುರಿಗಳ ಚರ್ಮ ಸುಲಿಯುವುದರಲ್ಲೇ ಏಪ್ರಿಲ್ ಮುಗಿಯಿತು.

ಈಗ, ಬಲ ಮೂತ್ರಪಿಂಡಕ್ಕೆ ಒತ್ತಿಕೊಂಡು,
ಸುತ್ತಲಿಗಿಂತ ಒಂದಿಷ್ಟು ಕಪ್ಪು.
ಅಳೆದೆ. ಮತ್ತೆ ಅಳೆದೆ.
ಹದಿನಾಲ್ಕು ಮಿಲಿಮೀಟರ್.
ಅವರ ನಿಲುವಂಗಿಯ ಗುಂಡಿ ಇದಕ್ಕಿಂತ ದೊಡ್ಡದು.
"ಉಸಿರು ಬಿಡಲೇನಮ್ಮ?" ಎಂದರು.
ಮರೆತೇಬಿಟ್ಟಿದ್ದೆ.

ಉಲಾನ್‌ಬಾತರಿಗೆ ಬಸ್ಸಿನಲ್ಲಿ ಎಂಟು ಗಂಟೆ.
ಅಲ್ಲಿ ನರಕ್ಕೆ ಔಷಧಿ ಹರಿಸಿ ಸಿ.ಟಿ. ತೆಗೆದರು.
ತೆರ್ಗೆಲ್ ಫೋನ್ ಮಾಡಿದಳು:
"ಮೊದಲ ಸುತ್ತಿನಲ್ಲೇ ಬೆಳಗಿತು ಕಣೆ.
ಉಳಿದದ್ದೆಲ್ಲ ಬೆಳಗುವ ಹೊತ್ತಿಗೆ ಆರಿಹೋಗಿತ್ತು."
ಎಲ್ಲಕ್ಕಿಂತ ಮೊದಲು ಬಾವಿಗೆ ನುಗ್ಗಿ ಕುಡಿದು
ಎಲ್ಲ ಕುಡಿಯುವಾಗ ಎದ್ದುಹೋಗುವುದು.
ಅದೇ ಅದರ ನಡಿಗೆ.
ಒಂದೇ ಒಂದು, ಸಣ್ಣದು. ಸೂಜಿ ಇಳಿಸಿ ಸುಟ್ಟರು.

ಮರಳಿ ಬಂದು ಕೇಳಿದ್ದು ಇಷ್ಟೇ:
"ವಸಂತದಲ್ಲಿ ಬಂದಿದ್ದರೆ ಕಾಣುತ್ತಿತ್ತೆ?"
ಗೊತ್ತಿಲ್ಲ ಎಂದೆ.
ಕಾಣುತ್ತಿತ್ತೇನೋ. ಇಲ್ಲವೇ,
ಎಲ್ಲ ಹಿಂದಿನಂತೆಯೇ ಇದೆ ಎಂದು ಬರೆದು
ನಾನೇ ಕಳಿಸಿಬಿಡುತ್ತಿದ್ದೆನೇನೋ.
ಅದನ್ನು ಹೇಳಲಿಲ್ಲ.

ನಮ್ಮ ಮಾತಿನಲ್ಲಿ ನೆಂಟರೆಂದರೆ ಒಂದೇ ಈಲಿಯವರು.
ಡಿಸೆಂಬರಿನಲ್ಲಿ ಮಗಳನ್ನೂ ಕರೆಸಿದೆ.
ಅಂಗಿ ಮೇಲೆತ್ತಿ ಮಲಗಿದವಳು ಹೇಳಿದಳು:
"ನೀವು ಕೊಟ್ಟ ಚಿತ್ರಕ್ಕೆ ಅಪ್ಪ ಕಟ್ಟು ಹಾಕಿಸಿದ್ದಾರೆ,
ಕುದುರೆ ಓಟದ ಪದಕಗಳ ಪಕ್ಕ.
ಬಂದವರಿಗೆಲ್ಲ ತೋರಿಸುತ್ತಾರೆ: ಇಲ್ಲಿತ್ತು ನೋಡಿ ಕಳ್ಳ ಅಂತ."
ಎಲ್ಲಿ ತೋರಿಸುತ್ತಾರೆ?
ಪರದೆಯ ಮೇಲೆ ಬೆರಳಿಟ್ಟಳು.
ಅದು ಪಿತ್ತಕೋಶ, ಪಾಪ, ಏನೂ ಮಾಡದ್ದು.

ಹೂಂ, ಅಲ್ಲೇ ಎಂದೆ.
ಎಡಕ್ಕೆ ಹೊರಳು. ಉಸಿರು ಎಳೆದುಕೊ.
ಹಿಡಿ.